ಏನೂ ಆಗದ ದಿನ ತುರ್ತು ನಿರ್ವಹಣಾ ಕಚೇರಿಯವರು ಏನು ಮಾಡುತ್ತಾರೆ?

ಹಿತ್ತಲಮಲ್ಲಿಗೆ (ಭಾನುವಾರ, ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನಮ್ಮ ನಗರದ ತುರ್ತು ನಿರ್ವಹಣಾ ಕಚೇರಿಯವರು ಸ್ವಯಂಸೇವಕರು ಬೇಕು ಅಂತ ಕರೆದಿದ್ದರು. ಹೋದ ವಾರ ಹೆಸರು ಕೊಡಲು ಹೋಗಿದ್ದೆ. ಒಳಗೆ ದೊಡ್ಡ ಹಾಲ್. ಒಂದು ಗೋಡೆ ಪೂರ್ತಿ ಟಿವಿ ಪರದೆಗಳು. ಒಂದೊಂದು ಮೇಜಿನ ಮೇಲೂ ಒಂದೊಂದು ಇಲಾಖೆಯ ಹೆಸರು: ಪೊಲೀಸ್, ಅಗ್ನಿಶಾಮಕ, ಆರೋಗ್ಯ, ನೀರು, ವಿದ್ಯುತ್, ಸಾರಿಗೆ. ಕುರ್ಚಿಗಳೆಲ್ಲ ಖಾಲಿ. ಇದ್ದವರು ನಾಲ್ಕೇ ಜನ.

ಅವರಲ್ಲಿ ಒಬ್ಬರು ಉದ್ದದ ಪಟ್ಟಿ ಹಿಡಿದು ಒಂದಾದ ಮೇಲೊಂದು ಫೋನ್ ಮಾಡುತ್ತಿದ್ದರು. "ಈ ನಂಬರ್ ಈಗಲೂ ನಿಮ್ಮದೇನಾ?" ಅಂತ ಕೇಳುವುದು, ಟಿಕ್ ಹಾಕುವುದು, ಮುಂದಿನದಕ್ಕೆ ಹೋಗುವುದು. ನಾನು ಅರ್ಧ ಗಂಟೆ ಕೂತಿದ್ದೆ. ಅಷ್ಟು ಹೊತ್ತೂ ಅದೇ ಕೆಲಸ.

ಪ್ರವಾಹ, ಬೆಂಕಿ, ಭೂಕಂಪ ಅಂದಾಗ ಇವರ ಹೆಸರು ಕೇಳುತ್ತೇವೆ. ಉಳಿದ ದಿನಗಳಲ್ಲಿ ಇವರ ತಯಾರಿ ಹೇಗೆ ನಡೆಯುತ್ತದೆ? ಮುಂದಿನ ಶನಿವಾರ ಮಾಕ್ ಡ್ರಿಲ್‌ಗೆ ನನ್ನನ್ನೂ ಕರೆದಿದ್ದಾರೆ. ಹೋಗುವ ಮೊದಲು ಸ್ವಲ್ಪ ತಿಳಿದುಕೊಳ್ಳೋಣ ಅಂತ ಕೇಳುತ್ತಿದ್ದೇನೆ. ಈ ಕೆಲಸದಲ್ಲಿ ಇದ್ದವರು ಯಾರಾದರೂ ಇದ್ದೀರಾ?

ರಾತ್ರಿಪಾಳಿ

ಮಲ್ಲಿಗೆ ಅವರೇ, ಇಂಥದೇ ಒಂದು ಕಂಟ್ರೋಲ್ ರೂಮಿನಲ್ಲಿ 14 ವರ್ಷ ಇದ್ದೆ. ಜಾಸ್ತಿ ರಾತ್ರಿ ಪಾಳಿಯೇ. ಈಗ ನಿವೃತ್ತಿ.

ನೀವು ನೋಡಿದ ಆ ಫೋನ್ ಕೆಲಸ ಇದೆಯಲ್ಲ, ನನ್ನ ಪ್ರಕಾರ ಆ ಕಚೇರಿಯ ಬುನಾದಿಯೇ ಅದು. ನಾವು ಮೂರು ತಿಂಗಳಿಗೊಮ್ಮೆ ಪಟ್ಟಿ ಪೂರ್ತಿ ಪರೀಕ್ಷೆ ಮಾಡುತ್ತಿದ್ದೆವು. ಒಂದು ಸಲವೂ ಪಟ್ಟಿ ಸರಿಯಾಗಿ ಇದ್ದದ್ದು ನೆನಪಿಲ್ಲ. ಅಧಿಕಾರಿಗೆ ವರ್ಗ ಆಗಿರುತ್ತದೆ. ಜೆಸಿಬಿ ಮಾಲೀಕರು ಸಿಮ್ ಬದಲಾಯಿಸಿರುತ್ತಾರೆ. ಶಾಲೆಯ ಬೀಗದ ಕೈ ಇಟ್ಟುಕೊಂಡವರು ಊರು ಬಿಟ್ಟಿರುತ್ತಾರೆ. ರಾತ್ರಿ ಎರಡು ಗಂಟೆಗೆ ನೀರು ಏರುವಾಗ ಇದು ಗೊತ್ತಾದರೆ ಏನು ಪ್ರಯೋಜನ?

ಜನರಿಗೆ ಒಂದು ತಪ್ಪು ಕಲ್ಪನೆ ಇದೆ. ಈ ಕಚೇರಿಯ ಹತ್ತಿರ ದೋಣಿ, ಆಂಬ್ಯುಲೆನ್ಸ್, ಕ್ರೇನ್ ಎಲ್ಲ ಇರುತ್ತವೆ ಅಂದುಕೊಳ್ಳುತ್ತಾರೆ. ನಮ್ಮ ಹತ್ತಿರ ಸ್ವಂತದ್ದು ಅಂತ ಇದ್ದದ್ದು ತೀರಾ ಕಡಿಮೆ. ಬೆಂಕಿ ಆರಿಸುವವರು ಅಗ್ನಿಶಾಮಕದವರು, ರಸ್ತೆ ಮುಚ್ಚುವವರು ಪೊಲೀಸರು, ಚಿಕಿತ್ಸೆ ಕೊಡುವವರು ಆಸ್ಪತ್ರೆಯವರು. ಇವರೆಲ್ಲ ಒಬ್ಬರ ಮಾತು ಒಬ್ಬರಿಗೆ ಕೇಳುವ ಹಾಗೆ ಮಾಡುವುದೇ ನಮ್ಮ ಕೆಲಸ.

ಅದು ಕೇಳಿದಷ್ಟು ಸುಲಭ ಅಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭಾರಿ ಕಾಡ್ಗಿಚ್ಚು ಹಬ್ಬಿತು. ಹತ್ತಾರು ಕಡೆಯಿಂದ ಅಗ್ನಿಶಾಮಕ ತಂಡಗಳು ಬಂದವು. ಒಬ್ಬರ ವೈರ್‌ಲೆಸ್ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಒಂದೇ ವಸ್ತುವಿಗೆ ಒಂದೊಂದು ತಂಡದಲ್ಲಿ ಒಂದೊಂದು ಹೆಸರು. ಯಾರು ಯಾರಿಗೆ ಆದೇಶ ಕೊಡಬೇಕು ಅನ್ನುವುದೇ ಸ್ಪಷ್ಟ ಇರಲಿಲ್ಲ. ಆ ಪಾಠದಿಂದ ಹುಟ್ಟಿದ್ದೇ ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್. ಇವತ್ತು ಎಷ್ಟೋ ದೇಶಗಳು ಅದನ್ನು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡು ಬಳಸುತ್ತಿವೆ. ಸ್ಥಳದಲ್ಲಿ ಒಬ್ಬರೇ ಮುಖ್ಯಸ್ಥರು. ಪ್ರತಿಯೊಬ್ಬರಿಗೂ ಮೇಲಧಿಕಾರಿ ಒಬ್ಬರೇ. ಒಬ್ಬರ ಕೈಕೆಳಗೆ ಸುಮಾರು ಐದು ಜನ, ಏಳು ದಾಟಬಾರದು. ವೈರ್‌ಲೆಸ್‌ನಲ್ಲಿ ಗುಪ್ತ ಕೋಡ್ ಬೇಡ, ಎಲ್ಲರಿಗೂ ಅರ್ಥ ಆಗುವ ಸಾದಾ ಮಾತು ಸಾಕು.

ಇನ್ನೊಂದು ಹೇಳಲೇಬೇಕು. ಆ ಹಾಲ್ ಇದೆಯಲ್ಲ, ಅದೇ ಹೋದರೆ? ನ್ಯೂಯಾರ್ಕ್ ನಗರದ ತುರ್ತು ನಿರ್ವಹಣಾ ಕೇಂದ್ರ ಇದ್ದದ್ದು 7 ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಡದಲ್ಲಿ. 2001ರ ಸೆಪ್ಟೆಂಬರ್ 11ರಂದು ಸಿಬ್ಬಂದಿ ಅದನ್ನು ಬಿಟ್ಟು ಓಡಬೇಕಾಯಿತು, ಸಂಜೆ ಹೊತ್ತಿಗೆ ಕಟ್ಟಡವೇ ಕುಸಿಯಿತು. ಮರುದಿನ, 12ನೇ ತಾರೀಕು, ನದಿ ದಂಡೆಯ ಪಿಯರ್ 92ರಲ್ಲಿ ಅವರದೇ ಒಂದು ದೊಡ್ಡ ಅಣಕು ಕಾರ್ಯಾಚರಣೆ ನಡೆಯಬೇಕಿತ್ತು. ಅದಕ್ಕಾಗಿ ಸಜ್ಜಾಗುತ್ತಿದ್ದ ಜಾಗದಲ್ಲೇ ಕೆಲವೇ ದಿನಗಳಲ್ಲಿ ಹೊಸ ಕೇಂದ್ರ ಎದ್ದು ನಿಂತಿತು. ಆಮೇಲೆ ಎಲ್ಲ ಕಡೆ ಎರಡನೇ ಜಾಗದ ಮಾತು ಗಟ್ಟಿಯಾಗಿ ಬಂತು. ನಿಮ್ಮ ಕಚೇರಿಯವರಿಗೂ ಎರಡನೇ ಜಾಗ ಇದೆಯಾ ಅಂತ ಶನಿವಾರ ಕೇಳಿ ನೋಡಿ.

ದಾದಿಯಕ್ಕ

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ರಾತ್ರಿಪಾಳಿ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಕಡೆಯಿಂದ ಒಂದು ಅನುಭವ ಹೇಳುತ್ತೇನೆ.

ನಮ್ಮಲ್ಲಿ ಪ್ರತಿ ತಿಂಗಳು ಜನರೇಟರ್ ಪರೀಕ್ಷೆ ಇರುತ್ತಿತ್ತು. ಕರೆಂಟ್ ತೆಗೆಯುವುದು, ಹತ್ತು ಸೆಕೆಂಡಿನಲ್ಲಿ ಜನರೇಟರ್ ಶುರು ಆಗುವುದು, ಹದಿನೈದು ನಿಮಿಷ ಓಡಿಸಿ ನಿಲ್ಲಿಸುವುದು, ರಿಜಿಸ್ಟರ್‌ಗೆ ಸಹಿ. ಒಂದು ಸಲ ನಗರದ ಕಚೇರಿಯವರು ಪರಿಶೀಲನೆಗೆ ಬಂದರು. ಅವರಲ್ಲಿ ಒಬ್ಬ ಮೇಡಂ, "ನಾಲ್ಕು ಗಂಟೆ ಓಡಲಿ, ನಾನು ಇಲ್ಲೇ ಕೂತಿರುತ್ತೇನೆ" ಅಂದರು. ಕುರ್ಚಿ ತರಿಸಿಕೊಂಡು ಜನರೇಟರ್ ಕೋಣೆಯ ಹೊರಗೆ ಕೂತೇಬಿಟ್ಟರು. ಎರಡೂವರೆ ಗಂಟೆ ಆಗುವಾಗ ಎಂಜಿನ್ ಸದ್ದು ಬದಲಾಯಿತು. ಎರಡು ಸಲ ಕೆಮ್ಮಿದ ಹಾಗಾಗಿ ನಿಂತುಹೋಯಿತು. ಫಿಲ್ಟರ್ ಬಿಚ್ಚಿದರೆ ಕಪ್ಪು ಕೆಸರು. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಹಳೆ ಡೀಸೆಲ್‌ನ ಗಸಿ ಬಂದು ಕಟ್ಟಿಕೊಂಡಿತ್ತು. ಹದಿನೈದು ನಿಮಿಷದ ಪರೀಕ್ಷೆಯಲ್ಲಿ ಅದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಆವತ್ತು ಮುಖ್ಯ ಕರೆಂಟ್ ಇತ್ತು, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ವೆಂಟಿಲೇಟರ್ ಮೇಲೆ ಆರು ಜನ ಇದ್ದರು. ಆ ಮೇಡಂ ನೆನಪಾದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಜನರೇಟರ್ 13ನೇ ಮಹಡಿಯಲ್ಲಿ ಸುರಕ್ಷಿತವಾಗಿತ್ತು. ಆದರೆ ಅದಕ್ಕೆ ಇಂಧನ ಏರಿಸುವ ಪಂಪ್ ನೆಲಮಾಳಿಗೆಯಲ್ಲಿತ್ತು. ನೆಲಮಾಳಿಗೆಗೆ ನೀರು ನುಗ್ಗಿತು. ಸಿಬ್ಬಂದಿ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಇಂಧನ ದಾಟಿಸಿ ಜನರೇಟರ್ ನಡೆಸಿದರು. ಕೊನೆಗೆ ಆಸ್ಪತ್ರೆಯನ್ನೇ ಖಾಲಿ ಮಾಡಬೇಕಾಯಿತು. ಜನರೇಟರ್ ಎಲ್ಲಿದೆ ಅಂತ ಕೇಳುವವರು ಪಂಪ್ ಎಲ್ಲಿದೆ ಅಂತಲೂ ಕೇಳಬೇಕು.

ತಯಾರಿ ಚೆನ್ನಾಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬೋಸ್ಟನ್ ಮ್ಯಾರಥಾನ್ ನೋಡಿ. 2013ರ ಏಪ್ರಿಲ್ 15ರಂದು ಗುರಿ ರೇಖೆಯ ಹತ್ತಿರ ಎರಡು ಬಾಂಬ್ ಸಿಡಿದವು. ಸ್ಥಳದಲ್ಲೇ ಮೂವರು ತೀರಿಕೊಂಡರು. 260ಕ್ಕೂ ಹೆಚ್ಚು ಜನರಿಗೆ ಗಾಯ, ಎಷ್ಟೋ ಜನರ ಕಾಲೇ ಹೋಯಿತು. ಆದರೆ ಆಸ್ಪತ್ರೆ ಮುಟ್ಟಿದ ಒಬ್ಬರೂ ಸಾಯಲಿಲ್ಲ. ಸುಸ್ತಾದ ಓಟಗಾರರಿಗೆ ಅಂತ ಹಾಕಿದ್ದ ವೈದ್ಯಕೀಯ ಟೆಂಟ್ ಪಕ್ಕದಲ್ಲೇ ಇತ್ತು. ಗಾಯಾಳುಗಳನ್ನು ಒಂದೇ ಆಸ್ಪತ್ರೆಗೆ ತುಂಬದೆ ಹಲವು ಕಡೆಗೆ ಹಂಚಿದರು. ಆ ಹಂಚುವ ಕೆಲಸ ಅವರು ಮೊದಲೇ ಅಭ್ಯಾಸ ಮಾಡಿದ್ದರು.

ಯಾರೂ ಹಂಚದಿದ್ದರೆ ಏನಾಗುತ್ತದೆ ಗೊತ್ತಾ? ಸಣ್ಣ ಗಾಯ ಆದವರು ಸಿಕ್ಕ ಗಾಡಿ ಹತ್ತಿ ಹತ್ತಿರದ ಆಸ್ಪತ್ರೆಗೆ ಮೊದಲು ಬರುತ್ತಾರೆ. ಹಾಸಿಗೆ ಎಲ್ಲ ತುಂಬುತ್ತದೆ. ಜೀವ ಹೋಗುತ್ತಿರುವವರು ಆಂಬ್ಯುಲೆನ್ಸ್‌ನಲ್ಲಿ ಆಮೇಲೆ ಬರುತ್ತಾರೆ. ಅದಕ್ಕೇ ಬಾಗಿಲಲ್ಲೇ ನಿಂತು, ಗಾಯ ಎಷ್ಟು ಗಂಭೀರ ಅಂತ ನೋಡಿ, ಯಾರಿಗೆ ಮೊದಲು ಚಿಕಿತ್ಸೆ ಅಂತ ಗೊತ್ತಾಗಲು ಕೆಂಪು, ಹಳದಿ, ಹಸಿರು, ಕಪ್ಪು ಪಟ್ಟಿ ಕಟ್ಟುವುದು.

ಮೂರನೇತಿರುವು

ಎಲ್ಲ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ, ನನಗೆ ಇದರ ಮೇಲೆ ನಂಬಿಕೆ ಕಡಿಮೆ. ಒಂದು ಮಳೆಗಾಲದಲ್ಲಿ ನಮ್ಮ ಬೀದಿಗೆ ನೀರು ಬಂತು. ಎದೆಮಟ್ಟ. ಅಮ್ಮನನ್ನು ಹೊತ್ತು ಮಹಡಿ ಹತ್ತಿಸಿದ್ದೇನೆ. "ತಗ್ಗು ಪ್ರದೇಶದವರು ಎಚ್ಚರದಿಂದಿರಿ" ಅನ್ನುವ ಮೆಸೇಜ್ ಫೋನಿಗೆ ಬಂದದ್ದು ಅದಾಗಿ 50 ನಿಮಿಷದ ಮೇಲೆ. ನಮ್ಮದು ತಗ್ಗು ಪ್ರದೇಶ ಅಂತಲೇ ನಮಗೆ ಗೊತ್ತಿರಲಿಲ್ಲ. ಎಚ್ಚರದಿಂದ ಇರುವುದು ಅಂದರೆ ಏನು ಮಾಡುವುದು? ಎಲ್ಲಿಗೆ ಹೋಗುವುದು? ಪರದೆ, ಮೇಜು, ಡ್ರಿಲ್ ಎಲ್ಲ ಇದ್ದೂ ನಮ್ಮ ಮನೆ ಬಾಗಿಲಿಗೆ ಏನೂ ಮುಟ್ಟಲಿಲ್ಲ ಅಲ್ವಾ?

ಪುಟ್ಟಹಣತೆ

ಅಮ್ಮ ಈಗ ಹೇಗಿದ್ದಾರೆ ಅಣ್ಣ?

ಮೂರನೇತಿರುವು

ಚೆನ್ನಾಗಿದ್ದಾರೆ. ಮಳೆ ಶುರುವಾದರೆ ನಿದ್ದೆ ಮಾಡುವುದಿಲ್ಲ ಅಷ್ಟೆ. ಕೇಳಿದ್ದಕ್ಕೆ ಥ್ಯಾಂಕ್ಸ್.

ರಾತ್ರಿಪಾಳಿ

ತಿರುವು ಅವರೇ, ನಿಮ್ಮ ಕೋಪ ನ್ಯಾಯವಾದದ್ದು. ಸಮರ್ಥನೆಗೆ ಇಳಿಯುವುದಿಲ್ಲ. ಎಲ್ಲಿ ತಡ ಆಗುತ್ತದೆ ಅನ್ನುವುದನ್ನು ಮಾತ್ರ ಒಳಗಿದ್ದವನಾಗಿ ಹೇಳುತ್ತೇನೆ.

ಮಳೆಮಾಪಕ ಅಥವಾ ಕಾಲುವೆಯ ಮಟ್ಟದ ಸೆನ್ಸರ್ ಒಂದು ಅಂಕಿ ಕೊಡುತ್ತದೆ. ಅದನ್ನು ಒಬ್ಬರು ನೋಡಬೇಕು. ಅವರು ಮೇಲಿನವರಿಗೆ ಹೇಳಬೇಕು. ಮೇಲಿನವರು ಒಪ್ಪಬೇಕು. ಆಮೇಲೆ ಮೆಸೇಜ್ ಬರೆಯಬೇಕು, ಅದಕ್ಕೆ ಮತ್ತೆ ಒಪ್ಪಿಗೆ. ಆ ಹೊತ್ತಿಗೆ ನೀರು ನಿಮ್ಮ ಹೊಸ್ತಿಲು ದಾಟಿರುತ್ತದೆ. ಇದಕ್ಕೆ ಇರುವ ಮದ್ದು ಒಂದೇ: ನಿರ್ಧಾರ ಮೊದಲೇ ಮಾಡಿಟ್ಟಿರಬೇಕು. ನೀರು ಇಷ್ಟು ಅಡಿ ಮುಟ್ಟಿದರೆ ಪಾಳಿಯಲ್ಲಿ ಇರುವವರೇ, ಯಾರನ್ನೂ ಕೇಳದೆ, ಈ ಮೆಸೇಜ್ ಕಳಿಸಬಹುದು ಅಂತ ಬರೆದು ಸಹಿ ಆಗಿರಬೇಕು. ನಮ್ಮಲ್ಲಿ ಹಾಗೆ ಆಗಲು ತುಂಬಾ ವರ್ಷ ಹಿಡಿಯಿತು. ಅದಕ್ಕೂ ಮೊದಲು ಒಂದು ರಾತ್ರಿ ಒಪ್ಪಿಗೆಗೆ ಕಾಯುತ್ತಾ ಫೋನ್ ಕೈಯಲ್ಲಿ ಹಿಡಿದು ಕೂತಿದ್ದೆ. ಪರದೆಯಲ್ಲಿ ಅಂಕಿ ಏರುತ್ತಲೇ ಇತ್ತು. ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಮೆಸೇಜ್ ಹೇಗಿರಬೇಕು ಅನ್ನುವುದೂ ನೀವು ಹೇಳಿದ್ದೇ ಸರಿ. ಎಲ್ಲಿ, ಏನು, ಎಷ್ಟು ಹೊತ್ತಿಗೆ, ನೀವು ಏನು ಮಾಡಬೇಕು, ಯಾರು ಹೇಳುತ್ತಿದ್ದಾರೆ. ಈ ಐದೂ ಇರಬೇಕು. "ಎಚ್ಚರದಿಂದಿರಿ" ಅಂದರೆ ಜನ ಕಿಟಕಿಯಿಂದ ಹೊರಗೆ ನೋಡುತ್ತಾರೆ, ಅಷ್ಟೆ.

ಇನ್ನು ತಾಂತ್ರಿಕವಾಗಿ ಹೇಳುವುದಾದರೆ, ಎಸ್‌ಎಂಎಸ್ ಒಂದೊಂದೇ ನಂಬರಿಗೆ ಹೋಗುತ್ತದೆ. ಲಕ್ಷಗಟ್ಟಲೆ ಜನರಿಗೆ ಕಳಿಸುವಾಗ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ಹಾಗಲ್ಲ. ಟವರ್ ಒಂದು ಸಲ ಕೂಗುತ್ತದೆ, ಅದರ ವ್ಯಾಪ್ತಿಯಲ್ಲಿ ಇರುವ ಎಲ್ಲ ಫೋನುಗಳಿಗೂ ಒಟ್ಟಿಗೆ ಕೇಳುತ್ತದೆ. ಯಾರ ನಂಬರೂ ಬೇಕಾಗಿಲ್ಲ. ನಿಮ್ಮ ಬೀದಿಯವರಿಗೆ ಬೇಕಾದದ್ದು ಅದು.

ಅವಸರದಲ್ಲಿ ತಪ್ಪೂ ಆಗುತ್ತದೆ. 2018ರ ಜನವರಿ 13ರ ಬೆಳಿಗ್ಗೆ ಹವಾಯಿಯಲ್ಲಿ "ಕ್ಷಿಪಣಿ ಬರುತ್ತಿದೆ, ಇದು ಡ್ರಿಲ್ ಅಲ್ಲ" ಅಂತ ಎಲ್ಲರ ಫೋನಿಗೂ ಹೋಯಿತು. ತಪ್ಪು ಮೆಸೇಜ್. ಅದನ್ನು ಅದೇ ಫೋನುಗಳಲ್ಲಿ ಸರಿಪಡಿಸಲು 38 ನಿಮಿಷ ಬೇಕಾಯಿತು. "ತಪ್ಪಾಗಿದೆ" ಅಂತ ಹೇಳುವ ಮೆಸೇಜ್ ಸಿದ್ಧವೇ ಇರಲಿಲ್ಲ. ಹಾಗಂತ ಹೆದರಿ ಸುಮ್ಮನೆ ಕೂರಬಾರದು. ಹಿಂದಕ್ಕೆ ತೆಗೆದುಕೊಳ್ಳುವ ಮೆಸೇಜನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು.

ಮನಸ್ಸಿಗೆ ಧೈರ್ಯ ಬೇಕಾದಾಗ ನಾನು ಒಡಿಶಾ ನೆನಪಿಸಿಕೊಳ್ಳುತ್ತೇನೆ. 1999ರ ಸೂಪರ್ ಸೈಕ್ಲೋನ್‌ನಲ್ಲಿ ಸುಮಾರು 10,000 ಜನ ಹೋದರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರ ಮಾಡಿದರು. ಸತ್ತವರು 50ಕ್ಕಿಂತ ಕಡಿಮೆ. ನಡುವಿನ 14 ವರ್ಷದಲ್ಲಿ ಆಶ್ರಯ ಕಟ್ಟಡ ಕಟ್ಟಿದರು, ಹಳ್ಳಿ ಹಳ್ಳಿಯಲ್ಲಿ ತಂಡ ಮಾಡಿದರು, ವರ್ಷ ವರ್ಷ ಡ್ರಿಲ್ ನಡೆಸಿದರು. ಬಾಗಿಲಿಗೆ ಮುಟ್ಟಿಸಬಹುದು ತಿರುವು ಅವರೇ. ಮುಟ್ಟಿಸಿದವರು ಇದ್ದಾರೆ.

ಮೂರನೇತಿರುವು

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ಸರ್. ನಮ್ಮ ಬೀದಿಯಿಂದ ಒಂದು ಮನವಿ ಬರೆಯುತ್ತೇನೆ. ಯಾವ ಮಟ್ಟಕ್ಕೆ ಮೆಸೇಜ್ ಕಳಿಸುತ್ತೀರಿ, ಅದು ಎಲ್ಲಿ ಬರೆದಿದೆ ಅಂತಲೇ ಕೇಳುತ್ತೇನೆ.

ಹಗ್ಗಕಂಬ

ಮಲ್ಲಿಗೆ ಅವರು ವಿಕೋಪದ ಬಗ್ಗೆ ಕೇಳಿದರು. ಜಾತ್ರೆ, ಪಂದ್ಯ, ಮೆರವಣಿಗೆ, ಹೊಸ ವರ್ಷದ ರಾತ್ರಿ, ಇವೂ ಅದೇ ಕಚೇರಿಯ ತಲೆನೋವು. ನಾನು ದೊಡ್ಡ ಕಾರ್ಯಕ್ರಮಗಳಿಗೆ ಬ್ಯಾರಿಕೇಡ್, ವೇದಿಕೆ ಹಾಕುವ ಕೆಲಸದಲ್ಲಿ ಇದ್ದೇನೆ. ತಿಂಗಳ ಮೊದಲೇ ಅವರ ಜೊತೆ ಮೀಟಿಂಗ್ ಇರುತ್ತದೆ.

ಪತ್ರಿಕೆಯಲ್ಲಿ ಕಾಲ್ತುಳಿತ ಅಂತ ಬರೆಯುತ್ತಾರೆ. ಬಹಳಷ್ಟು ಸಲ ಜನ ಸಾಯುವುದು ತುಳಿತದಿಂದ ಅಲ್ಲ. ನಿಂತಲ್ಲೇ ಎದೆ ಒತ್ತಿ, ಉಸಿರು ಎಳೆದುಕೊಳ್ಳಲು ಆಗದೆ ಸಾಯುತ್ತಾರೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗ ಊಹಿಸಿಕೊಳ್ಳಿ. ಅದರಲ್ಲಿ ಇಬ್ಬರು ಮೂವರು ಇದ್ದರೆ ಆರಾಮಾಗಿ ನಡೆಯಬಹುದು. ಐದು ಜನ ಆದರೆ ಅಪಾಯ ಶುರು. ಆರೇಳು ಜನ ಆದರೆ ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಇಡೀ ಗುಂಪು ನೀರಿನ ಅಲೆಯ ಹಾಗೆ ತೂಗುತ್ತದೆ. ಆಗ ಮೈಕ್‌ನಲ್ಲಿ "ಹಿಂದೆ ಸರಿಯಿರಿ" ಅಂದರೂ ಸರಿಯಲು ಯಾರ ಕೈಯಲ್ಲೂ ಆಗುವುದಿಲ್ಲ.

ಹಾಗಾಗಿ ಮೊದಲೇ ನೋಡಿಕೊಳ್ಳಬೇಕು. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಗೇಟ್ ಹೊರಮುಖವಾಗಿ ತೆರೆಯಬೇಕು. ಆಂಬ್ಯುಲೆನ್ಸ್‌ಗೆ ಒಂದು ದಾರಿ ಪೂರ್ತಿ ಖಾಲಿ ಬಿಡಬೇಕು. ನಾನು ಮೀಟಿಂಗ್‌ನಲ್ಲಿ ಯಾವಾಗಲೂ ಕೇಳುವ ಪ್ರಶ್ನೆ ಒಂದೇ: ಕಾರ್ಯಕ್ರಮ ನಿಲ್ಲಿಸಿ ಅಂತ ಹೇಳುವ ಅಧಿಕಾರ ಯಾರಿಗೆ ಇದೆ? ಒಬ್ಬರ ಹೆಸರು ಹೇಳಿ. ಹೆಸರು ಸಿಗದಿದ್ದರೆ ನಾನು ಆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಎರಡು ಸಲ ಬಿಟ್ಟು ಬಂದಿದ್ದೇನೆ, ನಷ್ಟ ಆದರೂ ಸರಿ ಅಂತ.

2022ರ ಅಕ್ಟೋಬರ್ 29ರ ರಾತ್ರಿ ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್‌ನಲ್ಲಿ 159 ಜನ ಹೋದರು. ಇಕ್ಕಟ್ಟಾದ ಇಳಿಜಾರು ಓಣಿ. ಕಾರ್ಯಕ್ರಮಕ್ಕೆ ಸಂಘಟಕರು ಅಂತ ಯಾರೂ ಇರಲಿಲ್ಲ, ಜನ ತಾವಾಗೇ ಸೇರಿದ್ದರು. ದುರಂತ ಆದದ್ದು ರಾತ್ರಿ ಹತ್ತರ ನಂತರ. ಇಲ್ಲಿ ಜನ ಒತ್ತಿ ಸಾಯುತ್ತಾರೆ ಅಂತ ಪೊಲೀಸರಿಗೆ ಮೊದಲ ಕರೆ ಹೋಗಿದ್ದು ಸಂಜೆ 6.34ಕ್ಕೆ. ಒಟ್ಟು 11 ಕರೆ. ಈ ಲೆಕ್ಕ ಓದಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸಂಘಟಕರಿಲ್ಲದ ಗುಂಪಿಗೂ ಒಬ್ಬರು ಜವಾಬ್ದಾರರು ಇರಲೇಬೇಕು. ಅದು ನಗರದ ಕಚೇರಿಯೇ.

ನೀವು ಗುಂಪಿನಲ್ಲಿ ಸಿಕ್ಕಿಕೊಂಡರೆ ಎರಡೂ ಕೈ ಎದೆಯ ಮುಂದೆ ಮಡಚಿ ಇಟ್ಟುಕೊಳ್ಳಿ, ಉಸಿರಿಗೆ ಜಾಗ ಇರುತ್ತದೆ. ಬಿದ್ದ ವಸ್ತು ಎತ್ತಲು ಬಗ್ಗಬೇಡಿ.

ಸನ್ನೆಮಾತು

ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುವುದಿಲ್ಲ. ಸೈರನ್ ಅವರ ಪಾಲಿಗೆ ಇಲ್ಲ. ರಾತ್ರಿ ಫೋನ್ ಕೂಗಿದರೂ ಇಲ್ಲ. ನಾನು ಬೇರೆ ಊರಿನಲ್ಲಿ ಇರುವಾಗ ಪಕ್ಕದ ಮನೆಯ ಆಂಟಿಯ ಹತ್ತಿರ ಒಂದು ಬೀಗದ ಕೈ ಕೊಟ್ಟಿದ್ದೇನೆ. ಏನಾದರೂ ಆದರೆ ಒಳಗೆ ಹೋಗಿ ಲೈಟ್ ಹಾಕಿ ಆರಿಸಿ ಎಬ್ಬಿಸಬೇಕು. ಇದು ನಾವು ಮಾಡಿಕೊಂಡ ವ್ಯವಸ್ಥೆ. ನಗರದವರು ಇಂಥವರ ಪಟ್ಟಿ ಇಟ್ಟುಕೊಳ್ಳುವುದಿಲ್ಲವಾ?

ರಾತ್ರಿಪಾಳಿ

ಇಟ್ಟುಕೊಳ್ಳುತ್ತಾರೆ, ಆದರೆ ತಾವಾಗಿ ಹೆಸರು ಕೊಡುವವರು ತುಂಬಾ ಕಡಿಮೆ. ಕೊಟ್ಟದ್ದೂ ಬೇಗ ಹಳತಾಗುತ್ತದೆ. ಮನೆಗೆ ಹೋಗಿ ಆರೈಕೆ ಮಾಡುವ ನರ್ಸ್‌ಗಳು, ಡಯಾಲಿಸಿಸ್ ಕೇಂದ್ರದವರು, ಆಕ್ಸಿಜನ್ ಸಿಲಿಂಡರ್ ಕೊಡುವವರು, ನಿಮ್ಮ ಆಂಟಿಯಂಥವರು, ಇವರ ಮೂಲಕ ಹೋಗುವುದೇ ಗಟ್ಟಿ ದಾರಿ. 1995ರಲ್ಲಿ ಷಿಕಾಗೋದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಒಂಟಿಯಾಗಿದ್ದ ವಯಸ್ಸಾದವರೇ ಜಾಸ್ತಿ. ಬಾಗಿಲು ತಟ್ಟಿ ಕೇಳುವವರು ಇರಲಿಲ್ಲ. ನಮ್ಮ ದೇಶದಲ್ಲೇ 2010ರ ಬಿಸಿಗಾಳಿಯ ನಂತರ ಅಹಮದಾಬಾದ್ 2013ರಲ್ಲಿ ಬಿಸಿಗಾಳಿ ಕಾರ್ಯಯೋಜನೆ ಮಾಡಿತು. ಆಮೇಲೆ ಬೇರೆ ನಗರಗಳೂ ಅದನ್ನು ನೋಡಿ ಕಲಿತವು.

ಪುಟ್ಟಹಣತೆ

ನಾಯಿ ಬೆಕ್ಕು ಇರುವವರು ಮನೆ ಬಿಟ್ಟು ಬರಲು ಒಪ್ಪುವುದಿಲ್ಲ, ಅದಕ್ಕೂ ಯೋಜನೆ ಇರುತ್ತದಾ?

ರಾತ್ರಿಪಾಳಿ

ಇರಬೇಕು. 2005ರಲ್ಲಿ ಕತ್ರಿನಾ ಚಂಡಮಾರುತದ ಹೊತ್ತಿಗೆ ಸಾಕುಪ್ರಾಣಿ ಬಿಟ್ಟು ಬರಲ್ಲ ಅಂತ ಎಷ್ಟೋ ಜನ ಮನೆಯಲ್ಲೇ ಉಳಿದರು. ಮರುವರ್ಷ ಅಮೆರಿಕದಲ್ಲಿ ಅದಕ್ಕೆ ಅಂತಲೇ ಒಂದು ಕಾನೂನು ಬಂತು.

ಹಿತ್ತಲಮಲ್ಲಿಗೆ (ಶನಿವಾರ, ರಾತ್ರಿ)

ಇವತ್ತು ಡ್ರಿಲ್ ಮುಗಿಸಿ ಬಂದೆ. ಕಾಲು ನೋಯುತ್ತಿದೆ, ಆದರೂ ಈಗಲೇ ಬರೆಯುತ್ತೇನೆ.

ನನಗೆ ಕೊಟ್ಟ ಕೆಲಸ: ಒಂದು ಶಾಲೆಯನ್ನು ಆಶ್ರಯ ಕೇಂದ್ರ ಮಾಡುವ ತಂಡದಲ್ಲಿ ಇರುವುದು. ಬೆಳಿಗ್ಗೆ 6.10ಕ್ಕೆ "ನದಿ ಮಟ್ಟ ಮೀರಿದೆ" ಅಂತ ಕರೆ ಬಂತು. ಓಡಿದೆವು. ಮುಂದಿನ ಗೇಟಿನ ಬೀಗದ ಕೈ ಇದ್ದವರಿಗೆ ಫೋನ್ ಮಾಡಿದರೆ ಮೊದಲ ಸಲಕ್ಕೇ ಎತ್ತಿದರು. ಆವತ್ತು ನನ್ನ ಎದುರು ಟಿಕ್ ಹಾಕಿದ ನಂಬರುಗಳಲ್ಲಿ ಅದೂ ಒಂದಂತೆ! ಹನ್ನೆರಡು ನಿಮಿಷದಲ್ಲಿ ಗೇಟ್ ತೆರೆಯಿತು. ಎಲ್ಲರಿಗೂ ಖುಷಿ.

ಆಮೇಲೆ ಗಾಲಿಕುರ್ಚಿಯಲ್ಲಿ ಒಬ್ಬರು ಬಂದರು. ಅವರೂ ಸ್ವಯಂಸೇವಕರೇ. ಮುಂದೆ ಏಳು ಮೆಟ್ಟಿಲು. ಇಳಿಜಾರು ಇದ್ದದ್ದು ಹಿಂದಿನ ಬಾಗಿಲಿಗೆ. ಅದಕ್ಕೆ ಬೇರೆ ಬೀಗ. ಆ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ, ಪಟ್ಟಿಯಲ್ಲೂ ಇಲ್ಲ. ಕುರ್ಚಿ ಸಮೇತ ಎತ್ತಲು ನಾವು ನಾಲ್ಕು ಜನ ಮುಂದೆ ಬಂದೆವು. ಅವರು ಬೇಡ ಅಂದರು. "ನೀವು ಎತ್ತಿದರೆ ಇದು ಬರೆದುಕೊಳ್ಳದೆ ಮರೆತುಹೋಗುತ್ತದೆ. ನಾನು ಇಲ್ಲೇ ಇರುತ್ತೇನೆ, ಎಷ್ಟು ಹೊತ್ತಾಗುತ್ತದೆ ಬರೆಯಿರಿ" ಅಂದರು. 47 ನಿಮಿಷ ಮೆಟ್ಟಿಲ ಕೆಳಗೆ ಕೂತಿದ್ದರು. ಬಿಸಿಲು ಏರಿತು. ಒಬ್ಬ ಹುಡುಗ ಕೊಡೆ ಹಿಡಿದು ನಿಂತ. ನಾನು ಲಾಗ್ ಪುಸ್ತಕದಲ್ಲಿ ಹೊತ್ತು ಬರೆಯುತ್ತಾ ಹೋದೆ, ಕೈ ನಡುಗುತ್ತಿತ್ತು.

ಸಂಜೆ ಎಲ್ಲ ಇಲಾಖೆಯವರೂ ಕೂತು ಏನು ಸರಿ ಹೋಯಿತು, ಏನು ಹೋಗಲಿಲ್ಲ ಅಂತ ಮಾತಾಡಿದರು. ಹಿಂದಿನ ಬಾಗಿಲ ವಿಷಯಕ್ಕೆ ಒಬ್ಬರ ಹೆಸರು, ಒಂದು ತಾರೀಕು ಬರೆದರು. ಎಲ್ಲ ಆಶ್ರಯ ಕೇಂದ್ರಗಳ ಹಿಂದಿನ ಬಾಗಿಲನ್ನೂ ನೋಡಿಬರಬೇಕು ಅಂತಲೂ ಆಯಿತು. ಎರಡನೇ ಜಾಗದ ಬಗ್ಗೆ ಕೇಳಿದೆ ಸರ್, ಇದೆಯಂತೆ. ಇಂಟರ್‌ನೆಟ್ ಲೈನ್ ಮಾತ್ರ ಎರಡಕ್ಕೂ ಒಂದೇ ಕಡೆಯಿಂದ ಬರುತ್ತದಂತೆ. ಅದನ್ನೂ ಬರೆದುಕೊಂಡರು.

ಸೋಮವಾರದಿಂದ ನನಗೂ 40 ನಂಬರ್ ಕೊಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ಕರೆ ಮಾಡಬೇಕು.

ರಾತ್ರಿಪಾಳಿ

ತುಂಬಾ ಸಂತೋಷ ಆಯಿತು ಮಲ್ಲಿಗೆ ಅವರೇ. ಗಾಲಿಕುರ್ಚಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಕರೆ ಮಾಡುವಾಗ ಒಂದು ಮಾಡಿ: ನಂಬರ್ ಸರಿ ಇದೆಯಾ ಅಂತ ಕೇಳಿ ಬಿಡಬೇಡಿ. "ರಾತ್ರಿ ಎರಡು ಗಂಟೆಗೆ ಮಾಡಿದರೂ ಎತ್ತುತ್ತೀರಾ? ನೀವು ಊರಲ್ಲಿ ಇಲ್ಲದಿದ್ದರೆ ಯಾರಿಗೆ ಮಾಡಲಿ?" ಅಂತಲೂ ಕೇಳಿ. ಎರಡನೆಯವರ ನಂಬರ್ ತೆಗೆದುಕೊಂಡು ಅವರಿಗೂ ಆಗಲೇ ಒಂದು ಕರೆ ಮಾಡಿಬಿಡಿ.